ಯಾವ ಬೇಸನ್ನು ಉಳಿಸಿಕೊಳ್ಳುವುದು?

ನಮ್ಮ ಮಾವನವರು ತೀರಿಕೊಂಡು ಮೂರು ವರ್ಷವಾದ ಮೇಲೆ ಕೊತ್ತಗೆರೆಯ ಹಳೆಯ ಮನೆಯನ್ನು ಮಾರುವುದೆಂದು ಅಣ್ಣತಮ್ಮಂದಿರಲ್ಲಿ ತೀರ್ಮಾನವಾಯಿತು. ಹಂಡೆ, ಕೊಪ್ಪರಿಗೆ, ತೊಟ್ಟಿಲು, ಮರದ ಪೆಟ್ಟಿಗೆ ಎಲ್ಲಕ್ಕೂ ವಾರಸುದಾರರು ಸಿಕ್ಕಿದರು. ಅಟ್ಟದ ಮೇಲಿದ್ದ ಐದು ಬೇಸುಗಳ ವಿಷಯ ಬಂದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. “ನೀವು ಓದಿದೋರು, ನೀವೇ ಏನಾದ್ರೂ ಮಾಡಿ ಅತ್ತಿಗೆ” ಎಂದು ಮೈದುನ ಅದನ್ನು ನನ್ನ ತಲೆಗೆ ಕಟ್ಟಿದ. ತುಮಕೂರಿನ ನಮ್ಮ ಮನೆ ಎರಡು ಕೋಣೆಯದು. ಬಿ.ಎ., ಬಿ.ಎಡ್.ನಲ್ಲಿ ಬೇಸು ಇಡುವ ವಿಚಾರವನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೇಸು ಎಂದರೆ ಏನೆಂದು ಕೇಳುತ್ತೀರಾ? ನೀವು ನೋಡಿಯೇ ಇರುತ್ತೀರಿ. ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಹಿಂದಿನ ಸಾಲಿನಲ್ಲೊಬ್ಬರು ಎದೆಯ ತುಂಬ ಹಿತ್ತಾಳೆ ಅಪ್ಪಿಕೊಂಡು, ಕೆನ್ನೆ ಉಬ್ಬಿಸಿ, ‘ಬೊಂ... ಬೊಂ...’ ಎನ್ನುತ್ತ ಬರುತ್ತಿದ್ದರಲ್ಲ, ಅವರ ಕೈಯಲ್ಲಿದ್ದದ್ದು. ಪುಸ್ತಕದಲ್ಲಿ ಅದರ ಹೆಸರು ಟ್ಯೂಬಾ. 1835ರಲ್ಲಿ ಬರ್ಲಿನ್ ನಗರದಲ್ಲಿ ಪೇಟೆಂಟ್ ಪಡೆದು ಹುಟ್ಟಿದ ವಾದ್ಯ. ಸುತ್ತಿಟ್ಟ ಕೊಳವೆಯನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ದೊಡ್ಡದರಲ್ಲಿ ಸುಮಾರು 18 ಅಡಿ ಉದ್ದ ಬರುತ್ತದೆ. ಕೊಳವೆ ಉದ್ದವಾದಷ್ಟೂ ದನಿ ತಗ್ಗು. ಮೈಸೂರು ಅರಮನೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಪಾಶ್ಚಾತ್ಯ ಬ್ಯಾಂಡು ಕಟ್ಟಿದ್ದರು. ಅಲ್ಲಿಂದ ನಿವೃತ್ತರಾದವರೊಬ್ಬರ ಹತ್ತಿರ ನಮ್ಮ ಮಾವ ಕ್ಲಾರಿನೆಟ್ ಕಲಿತು, ಕುಣಿಗಲ್ಲಿನಲ್ಲಿ ಸ್ವಂತ ಬ್ಯಾಂಡು ಕಟ್ಟಿದರು. ಯಡಿಯೂರಿನ ತೇರು, ಸುತ್ತಮುತ್ತಲ ಮದುವೆ, ಗಣಪತಿ ಬಿಡುವ ದಿನ, ಹೀಗೆ ಮೂವತ್ತು ವರ್ಷ ನಡೆಯಿತು.

ಒಂದು ಬ್ಯಾಂಡಿಗೆ ಒಂದು ಬೇಸು ಸಾಕು, ಹೆಚ್ಚೆಂದರೆ ಎರಡು. ಐದು ಹೇಗೆ ಬಂದವು? ತೊಂಬತ್ತರ ದಶಕದಲ್ಲಿ ಕೀಬೋರ್ಡು, ಧ್ವನಿವರ್ಧಕದ ಗಾಡಿಗಳು ಬಂದು ಒಂದೊಂದೇ ಬ್ಯಾಂಡು ಮುಚ್ಚತೊಡಗಿದಾಗ ಅವರ ಕ್ಲಾರಿನೆಟ್ಟು, ಟ್ರಂಪೆಟ್ಟುಗಳಿಗೆ ಗಿರಾಕಿ ಇದ್ದರು. ಬೇಸನ್ನು ಕೊಳ್ಳುವವರು ಗುಜರಿಯವರೊಬ್ಬರೇ, ಅದೂ ಕೆ.ಜಿ. ಲೆಕ್ಕದಲ್ಲಿ. ಹಿತ್ತಾಳೆ ಕರಗಿಸಲು ಹೋಗುವುದನ್ನು ನೋಡಲಾರದೆ ಮಾವ ಅದೇ ಬೆಲೆಗೆ ಕೊಂಡು ತಂದರು. ಅತ್ತೆಯವರು “ಇನ್ನೊಂದು ಆನೆ ಬಂತು” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಸರಿ, ಐದರಲ್ಲಿ ಒಂದನ್ನು ಆರಿಸಬೇಕು. ಯಾವುದನ್ನು? ಇಲ್ಲಿ ನನಗೂ ನಮ್ಮ ಯಜಮಾನರಿಗೂ ಚರ್ಚೆ ಶುರುವಾಯಿತು.

ಅವರಿಗೆ ಬೇಕಾದದ್ದು ಬೆಳ್ಳಿ ಮುಲಾಮಿನದು. ನೋಡಲು ಅದೇ ಚೆಂದ. ಹಾಲಿನ ಮೂಲೆಯಲ್ಲಿ ನಿಲ್ಲಿಸಿ, ಬಾಯಿಗೆ ಪ್ಲಾಸ್ಟಿಕ್ ಹೂ ಇಟ್ಟರೆ ಬಂದವರೆಲ್ಲ ಕೇಳುತ್ತಾರೆ ಎಂದರು. ಎರಡನೆಯದು ಮೈಸುತ್ತ ಬಳಸಿಕೊಳ್ಳುವ ಸೂಸಾಫೋನು. ಅಮೆರಿಕದ ಬ್ಯಾಂಡ್ ಮಾಸ್ಟರ್ ಸೂಸಾ ಅವರ ಹೆಸರಿನದು. ಅದರ ಅಗಲ ಬಾಯಿಯ ಮೇಲೆ ಬ್ಯಾಂಡಿನ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದರು. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಮುಖಕ್ಕಿಂತ ದೊಡ್ಡದಾಗಿ ಬಿದ್ದಿರುವುದು ಅದೇ. ಮೂರನೆಯದು ಸ್ವಲ್ಪ ಚಿಕ್ಕದು, ಮೈಮೇಲೆ ಗುಲಾಬಿ ಬಣ್ಣದ ಕಲೆಗಳು. ನಾಲ್ಕನೆಯದು ಉತ್ತರಪ್ರದೇಶದ ಮೀರತ್ ಊರಿನಲ್ಲಿ ಮಾಡಿದ್ದು. ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಬಹುಪಾಲು ಅಲ್ಲಿಂದಲೇ ಬರುತ್ತವೆ. ಅದರ ಮೈಯೆಲ್ಲ ತಗ್ಗು, ನಾಲ್ಕೈದು ಕಡೆ ಬೆಸುಗೆಯ ತೇಪೆ. ಐದನೆಯದಕ್ಕೆ ಊದುವ ಬಾಯಿಯೂ ಇಲ್ಲ, ಒತ್ತುವ ಗುಂಡಿಯೂ ಇಲ್ಲ.

ನಾನು ನಮ್ಮ ಯಜಮಾನರನ್ನು ನಗುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಆಯುಧಪೂಜೆಯ ಹಿಂದಿನ ದಿನ, ಅತ್ತೆಯ ಮುಂದೆ ಕೆಲಸಗಾತಿ ಎನಿಸಿಕೊಳ್ಳಲು ಆ ಬೆಳ್ಳಿಯ ಬೇಸನ್ನು ಹುಣಸೆಹಣ್ಣು, ಬೂದಿ ಹಾಕಿ ಹಂಡೆ ತಿಕ್ಕಿದ ಹಾಗೆ ತಿಕ್ಕಿದವಳು ನಾನೇ. ಅಂಚಿನ ಮುಲಾಮು ಎದ್ದು ಬಂತು. ಹುಳಿನೀರು ಗುಂಡಿಗಳ ಒಳಗಿಳಿದು ಅವು ಕಚ್ಚಿಕೊಂಡವು. ಮಾವ ಒಂದು ಮಾತೂ ಆಡಲಿಲ್ಲ. ನಾನೂ ಅವರೂ ನೋಡಿದ್ದು ಹೊಳಪನ್ನೇ.

ವಸ್ತುಸಂಗ್ರಹಾಲಯಗಳೂ ಇದೇ ಕಣ್ಣಿನಿಂದ ಆರಿಸುತ್ತವೆಯೇ ಎಂಬ ಅನುಮಾನ ನನಗೆ ಹಳೆಯದು. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೆ. ಕೂಡಿಸದಿದ್ದರೆ ಕಳೆದೇ ಹೋಗುತ್ತಿದ್ದ ಎಷ್ಟೋ ವಸ್ತುಗಳು ಅಲ್ಲಿ ಉಳಿದಿವೆ, ಅದಕ್ಕೆ ಕೈಮುಗಿಯಬೇಕು. ಆದರೆ ಒಬ್ಬ ಹುಡುಗ ಒಂದು ವಾದ್ಯದ ಮುಂದೆ ನಿಂತು, “ಮಿಸ್, ಇದನ್ನ ಊದ್ತಿದ್ದೋರು ಯಾರು?” ಎಂದು ಕೇಳಿದಾಗ ನಾನು ತಬ್ಬಿಬ್ಬಾದೆ. ಎಲ್ಲಿಯ ಸಂಗ್ರಹಾಲಯಕ್ಕೆ ಹೋದರೂ ಚೀಟಿಯಲ್ಲಿ ವಾದ್ಯದ ಹೆಸರಿರುತ್ತದೆ, ಉಸಿರಿನ ಹೆಸರಿರುವುದು ಅಪರೂಪ. 2019ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಶುರುವಾದ ಸಂಗೀತದ ಸಂಗ್ರಹಾಲಯದ ಅಂಗಳದಲ್ಲಿ ಮಕ್ಕಳು ಮುಟ್ಟಿ, ಬಡಿದು ನಾದ ಕೇಳುವ ತೋಟವೇ ಇದೆ. ಅದು ಒಳ್ಳೆಯ ದಾರಿ.

ಯಾವ ವಾದ್ಯ ಉಳಿಯಬೇಕೆಂಬುದನ್ನು ದೊಡ್ಡವರು ತೀರ್ಮಾನಿಸಿದರೂ ಅದು ನಡೆಯುತ್ತದೆಯೆಂದಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾಗಲು ಮೂವತ್ತು ವರ್ಷ ಹಿಡಿಯಿತು. ಹಾರ್ಮೋನಿಯಂ ಸತ್ತಿತೆ? ಪಕ್ಕದ ಗುಬ್ಬಿಯ ಕಂಪನಿ ನಾಟಕದಲ್ಲಿ ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಇಲ್ಲದೆ ಪರದೆಯೇ ಏಳುತ್ತಿರಲಿಲ್ಲ. ಭಜನೆ ಮನೆಯಲ್ಲಿ, ಹರಿಕಥೆಯಲ್ಲಿ ಅದು ಸುಖವಾಗಿ ಬದುಕಿತು. ಸ್ಯಾಕ್ಸೋಫೋನನ್ನು ನೋಡಿ. ಅದೂ ಬ್ಯಾಂಡಿನ ವಾದ್ಯವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದಕ್ಕೆ ಕರ್ನಾಟಕ ಸಂಗೀತದ ಗಮಕ ಕಲಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಕಛೇರಿಯವರೆಗೆ ಒಯ್ದರು. ನಮ್ಮ ಬೇಸನ್ನು ಯಾರೂ ನಿಷೇಧಿಸಲಿಲ್ಲ, ಅದಕ್ಕೆ ಒಬ್ಬ ಗೋಪಾಲನಾಥರೂ ಸಿಗಲಿಲ್ಲ. ಅದು ಹಾಡಿನ ಸಾಲನ್ನು ನುಡಿಸುವುದಿಲ್ಲ, ಹಾಡು ನಿಲ್ಲಲು ನೆಲ ಹಾಕಿಕೊಡುತ್ತದೆ. ಅದು ನಿಂತು ಹೋದ ದಿನ ಮಾತ್ರ ಜನ, “ಯಾಕೋ ಇವತ್ತು ಬ್ಯಾಂಡು ಸಪ್ಪೆ” ಎನ್ನುತ್ತಾರೆ.

ಕೊನೆಗೆ ನಮ್ಮ ಬ್ಯಾಂಡಿನಲ್ಲಿ ಬೇಸು ಊದುತ್ತಿದ್ದ ಹಿರಿಯರನ್ನೇ ಹೇಳಿಕಳಿಸಿ ಕರೆಸಿದೆ. ಎಪ್ಪತ್ತೈದು ದಾಟಿದ ಜೀವ. ಪಡಸಾಲೆಯಲ್ಲಿ ಸಾಲಾಗಿ ಇಟ್ಟ ಐದನ್ನೂ ನೋಡಿ ಸುಮ್ಮನೆ ಕುಳಿತರು. ಆಮೇಲೆ ಒಂದೊಂದನ್ನೇ ಮುಟ್ಟಿದರು. ಗುಲಾಬಿ ಕಲೆಯದನ್ನು ಬೆಳಕಿಗೆ ಹಿಡಿದು, “ಇದ್ಕೆ ಹುಳುಕು ಹತ್ತದೆ ತಾಯಿ, ಒಳಗಿಂದ್ಲೇ” ಎಂದರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಬಾಯಿನ ತೇವ ಒಳಗೇ ನಿಂತು ಸತುವನ್ನು ತಿಂದು ಹಾಕಿದರೆ ತಾಮ್ರದ ಗುಲಾಬಿ ಬಣ್ಣ ಹೊರಗೆ ಕಾಣುತ್ತದಂತೆ. ಹೊರಗೆ ಕಂಡಾಗ ಒಳಗೆ ಟೊಳ್ಳಾಗಿ ಆಗಿರುತ್ತದೆ. ಬೆಳ್ಳಿಯದರ ಗುಂಡಿ ಒತ್ತಿದರು, ಅದು ಅಲುಗಲಿಲ್ಲ. ನಾನು ತಲೆ ತಗ್ಗಿಸಿದೆ. ತೇಪೆಯ ಬೇಸಿನ ಪಕ್ಕದ ಸಣ್ಣ ಕೊಳವೆಯನ್ನು ಎಳೆದರು. ‘ಟಪ್’ ಎಂದಿತು. “ಗಾಳಿ ಸೋರಾಕಿಲ್ಲ. ಮಿಕ್ಕಿದ್ದೆಲ್ಲ ಬಟ್ಟೆ ಇದ್ದಂಗೆ. ತಗ್ಗು ನೋಡ್‌ಬ್ಯಾಡಿ, ಗಾಳಿ ನೋಡಿ.”

ಆಮೇಲೆ ಊದಿದರು. ಮೊದಲು ಬರೀ ಗಾಳಿ. ಎರಡನೆಯ ಸಲ ಆ ದನಿ ಬಂತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಸಣ್ಣಗೆ ನಡುಗಿದವು. ಮೂರನೆಯದಕ್ಕೆ ಕೆಮ್ಮು ಬಂದು ನಿಲ್ಲಿಸಿದರು. “ಇದನ್ನು ನೀವೇ ಇಟ್ಕೊಳ್ಳಿ” ಎಂದೆ. “ಉಸುರಿಲ್ಲ ತಾಯಿ. ಮನೇಲಿ ಜಾಗಾನೂ ಇಲ್ಲ” ಎಂದು ನಕ್ಕರು.

ಆ ರಾತ್ರಿ ಮಾವನವರ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಒಂದು ಮದುವೆಗೆ ಕ್ಲಾರಿನೆಟ್ಟಿಗೆ 40 ರೂಪಾಯಿ, ಟ್ರಂಪೆಟ್ಟಿಗೆ 30, ಬೇಸಿಗೆ 15. ಪುಟ ಪುಟಕ್ಕೂ ಅದೇ ಲೆಕ್ಕ. ಸುಮಾರು ಹತ್ತು ಕೆ.ಜಿ. ಭಾರ ಹೊತ್ತು, ಎಲ್ಲರಿಗಿಂತ ಹೆಚ್ಚು ಉಸಿರು ಸುರಿದವರಿಗೆ ಎಲ್ಲರಿಗಿಂತ ಕಡಿಮೆ. ನಮ್ಮ ಮಾವ ಕೆಟ್ಟವರಲ್ಲ. ಎಲ್ಲ ಬ್ಯಾಂಡಿನಲ್ಲೂ ಹಾಗೇ ಎಂದು ಅವರೂ ನಂಬಿದ್ದರು. ಕರಗಲು ಹೊರಟ ಬೇಸುಗಳನ್ನು ಕಂಡು ಮರುಗಿದ ಅವರಿಗೆ ಅದನ್ನು ಊದುವವರ ಕೂಲಿ ಕಣ್ಣಿಗೆ ಬೀಳಲಿಲ್ಲ. ನನ್ನ ಮದುವೆಯ ದಿನವೂ ನೆನಪಾಯಿತು. ಸಂಜೆ ನಾಲ್ಕಕ್ಕೆ ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಅನ್ನ ಸಾರು ಉಂಡವರು ಬ್ಯಾಂಡಿನವರು ಮತ್ತು ಬೆಳಗಿನಿಂದ ನಿಂತೇ ಇದ್ದ ನನ್ನ ತಾಯಿ. ಆ ಹೊತ್ತಿಗೆ ಪಾಯಸ ಮುಗಿದಿತ್ತು.

ಮರುದಿನ ಯಜಮಾನರ ಜೊತೆ ಕೂತು ತೀರ್ಮಾನ ಮಾಡಿದೆವು. ಸೂಸಾಫೋನು ತಿಪಟೂರಿನ ಕಡೆ ಇನ್ನೂ ನಡೆಯುತ್ತಿರುವ ಒಂದು ಬ್ಯಾಂಡಿಗೆ ಹೋಯಿತು. ಅವರು ನಮ್ಮ ಹೆಸರಿನ ಮೇಲೆ ತಮ್ಮ ಹೆಸರು ಬರೆಸಿಕೊಂಡರು, ಬರೆಸಿಕೊಳ್ಳಲಿ. ಹುಳುಕಿನದೂ ಗುಂಡಿಯಿಲ್ಲದ್ದೂ ಗುಜರಿಗೆ ಹೋದವು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಬೆಳ್ಳಿಯದನ್ನು ಅಲಂಕಾರಕ್ಕೆಂದು ಬೆಂಗಳೂರಿನವರೊಬ್ಬರು ಒಳ್ಳೆಯ ಬೆಲೆಗೇ ಕೊಂಡರು. ಆ ಹಣವನ್ನು ನಮ್ಮ ಯಜಮಾನರೇ ಒಯ್ದು ಹಿರಿಯರ ಕೈಗಿಟ್ಟರು. ಅವರು ಬೇಡವೆಂದಾಗ, “ಇದು ಧರ್ಮಕ್ಕಲ್ಲ, ನಮ್ಮಪ್ಪನ ಬಾಕಿ” ಎಂದರಂತೆ. ಹೂವಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ತೇಪೆಯ ಬೇಸು ತುಮಕೂರಿಗೆ ಬಂದಿದೆ. ದಿವಾನದ ಪಕ್ಕದಲ್ಲಿ ಅರ್ಧ ದಾರಿ ಅಡ್ಡಗಟ್ಟಿ ಕೂತಿದೆ. ಅದರ ಕೊರಳಿಗೆ ಒಂದು ಚೀಟಿ ಕಟ್ಟಿದ್ದೇನೆ. ಅದರಲ್ಲಿ ಊದಿದವರ ಹೆಸರು, ಊರು, ಎಷ್ಟು ವರ್ಷ ಊದಿದರು, ಎಷ್ಟು ಕೂಲಿ ಸಿಕ್ಕಿತು ಎಂದು ಬರೆದಿದ್ದೇನೆ. ಗುಂಡಿಗಳಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ, ಹುಣಸೆಹಣ್ಣು ಮುಟ್ಟಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನೇ ತುಟಿ ಇಟ್ಟು ನೋಡುತ್ತೇನೆ. ಎರಡು ತಿಂಗಳು ಗಾಳಿಯೇ ಬಂತು. ಮೊನ್ನೆ ಒಂದು ಸ್ವರ ಬಂತು. ಕೆಳಗಿನ ಮನೆಯವರು ಮೆಟ್ಟಿಲ ಬಳಿ ಬಂದು, “ಟೀಚರೇ, ಲಾರಿ ಏನಾದ್ರೂ ಬಂತಾ?” ಎಂದು ಕೇಳಿದರು. ಇಲ್ಲ, ನಾನೇ ಎಂದೆ.