ದಾರುಲ್‌ಶಿಫಾ
ಚಾರ್‌ಮಿನಾರ್ ಎದ್ದದ್ದು 1591ರಲ್ಲಿ. ನಾಲ್ಕೇ ವರ್ಷಕ್ಕೆ, 1595ರಲ್ಲಿ, ಅರಸ ಮುಹಮ್ಮದ್ ಕುಲಿ ಕುತುಬ್ ಷಾ ಹೈದರಾಬಾದಿನಲ್ಲಿ ದಾರುಲ್‌ಶಿಫಾ ಎಂಬ ಆಸ್ಪತ್ರೆಯನ್ನೂ ಕಟ್ಟಿಸಿದ. ಎರಡಂತಸ್ತು, ನಡುವೆ ವಿಶಾಲ ಅಂಗಳ, ಸುತ್ತ ಕಮಾನಿನ ಕೋಣೆಗಳು. ಗಾಳಿ ಬೆಳಕೂ ಮದ್ದೇ ಎಂದು ಬಲ್ಲವರ ಕೆಲಸವಿದು. ಯುನಾನಿ ಚಿಕಿತ್ಸೆ ನಡೆಯುತ್ತಿದ್ದದ್ದು ಇಲ್ಲೇ, ಅದರ ಪಾಠವೂ ಇಲ್ಲೇ.

ಇಂಥ ಆರೈಕೆ ಬೇರೆಡೆಯೂ ಇತ್ತು. ಮಧ್ಯಯುಗದ ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಸನ್ಯಾಸಿನಿಯರು ರೋಗಿಗಳ ಆರೈಕೆ ಮಾಡುತ್ತಿದ್ದರು. ನಮ್ಮ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ದಾರುಲ್‌ಶಿಫಾವೂ ಅದೇ ಕುಲದ್ದು. ಖರ್ಚು ಅರಸನದು.

ಕಟ್ಟಡ ಈಗ ಸೊರಗಿದೆ, ನಿಜ. ಆದರೂ ನನ್ನ ಲೆಕ್ಕದಲ್ಲಿ ಚಾರ್‌ಮಿನಾರಿಗಿಂತ ಇದೇ ದೊಡ್ಡದು. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಹತ್ತಿರದಲ್ಲೇ ಇರುವ ಇದನ್ನೂ ನೋಡಿ ಬನ್ನಿ.