ಸೋತವರಿಗೆ ಇನ್ನೊಂದು ವರ್ಷ

2023ರ ಮಾರ್ಚ್ 8ರ ಬೆಳಿಗ್ಗೆ ನಮ್ಮಲ್ಲಿ ಮಹಿಳಾ ದಿನಾಚರಣೆ ಇತ್ತು. ಬಂದಿದ್ದ ಅತಿಥಿಗಳು, ಹೆಣ್ಣು ಇಂದು ಯಾವ ಕ್ಷೇತ್ರದಲ್ಲೂ ಹಿಂದೆ ಬಿದ್ದಿಲ್ಲ ಎಂದು ಮುಕ್ಕಾಲು ಗಂಟೆ ಮಾತನಾಡಿದರು. ಹುಡುಗಿಯರು ಸಾಲಾಗಿ ಕೂತು ಚಪ್ಪಾಳೆ ತಟ್ಟಿದರು. ಅದೇ ರಾತ್ರಿ ನಾನು ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಟಿ.ವಿ. ಮುಂದೆ ಕೂತಿದ್ದೆ. ಮುಂಬಯಿಯಲ್ಲಿ ಬೆಂಗಳೂರಿನ ಮಹಿಳಾ ತಂಡ, ಅಂದರೆ ಆರ್‌ಸಿಬಿ ಹೆಣ್ಣುಮಕ್ಕಳು, ಗುಜರಾತ್ ತಂಡದ 201 ರನ್ನುಗಳ ಬೆನ್ನು ಹತ್ತಿ 190ಕ್ಕೆ ನಿಂತರು. ಆಡಿದ್ದು ಮೂರು ಪಂದ್ಯ, ಮೂರೂ ಸೋಲು.

ಮರುದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, “ನೋಡಿದ್ರಾ ಮೇಡಂ ನಿಮ್ಮೋರ ಆಟಾನ? ಹೆಣ್ಮಕ್ಳಿಗೆ ಯಾಕೆ ಬೇಕಿತ್ತು ಈ ಕ್ರಿಕೆಟ್ಟು?” ಎಂದರು. ಕೇಳಿದವರು ಕೆಟ್ಟವರೇನಲ್ಲ. ಏಪ್ರಿಲ್ ಬಂತೆಂದರೆ ಕೆಂಪು ಟೀ ಶರ್ಟು ತೊಟ್ಟು ‘ಈ ಸಲ ಕಪ್ ನಮ್ದೇ’ ಎನ್ನುತ್ತಾ, ಮೇ ಕೊನೆಗೆ ಅದನ್ನು ಸದ್ದಿಲ್ಲದೆ ಮಡಿಸಿಡುವವರು. ಆ ಹೊತ್ತಿಗೆ ಗಂಡಸರ ತಂಡ 15 ಸಲ ಆಡಿ ಒಂದು ಕಪ್ಪನ್ನೂ ತಂದಿರಲಿಲ್ಲ. ಗಂಡಸರಿಗೆ ಯಾಕೆ ಕ್ರಿಕೆಟ್ಟು ಎಂದು ಅವರು ಕೇಳಿದ್ದನ್ನು ಮಾತ್ರ ನಾನು ಯಾವತ್ತೂ ಕಂಡಿಲ್ಲ.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಹಾಗಾಗಿ ಆ ವರ್ಷದ ಆಟವನ್ನು ಕೊನೆಯವರೆಗೂ ನೋಡಿದೆ. ಒಂದು ಪುಸ್ತಕ ಚೆನ್ನಾಗಿಲ್ಲ ಎಂದು ನಾಲ್ಕು ಜನ ಹೇಳಿದರೆ, ಎಲ್ಲಿ ಚೆನ್ನಾಗಿಲ್ಲ ಎಂದು ತಿಳಿಯಲಾದರೂ ಓದಬೇಕಲ್ಲ, ಹಾಗೆ.

ಕ್ರಿಕೆಟ್ಟಿನ ಗೊಡವೆ ಇಲ್ಲದ ಓದುಗರಿಗೆ ಒಂದೆರಡು ಮಾತು. ಗಂಡಸರ ಐಪಿಎಲ್ ಶುರುವಾದದ್ದು 2008ರಲ್ಲಿ. ಹೆಣ್ಣುಮಕ್ಕಳಿಗೆ ಅಂಥದ್ದೊಂದು ಪಂದ್ಯಾವಳಿ ಬೇಕೆಂದು ತೀರ್ಮಾನವಾಗಿ, ಆಟ ಶುರುವಾಗಲು 2023 ಬರಬೇಕಾಯಿತು. ಐದು ತಂಡಗಳು. ಆಟಗಾರ್ತಿಯರನ್ನು ಕೊಳ್ಳಲು ಒಂದೊಂದು ತಂಡಕ್ಕೂ 12 ಕೋಟಿ ರೂಪಾಯಿ. ಫೆಬ್ರವರಿ 13ರಂದು ಹರಾಜಾಯಿತು. ಮೊದಲು ಕೂಗಿದ ಹೆಸರು ಸ್ಮೃತಿ ಮಂಧಾನ. ನಮ್ಮ ಬೆಂಗಳೂರು 3 ಕೋಟಿ 40 ಲಕ್ಷ ಕೊಟ್ಟು ಕೊಂಡಿತು. ಆ ದಿನ ಅದಕ್ಕಿಂತ ಹೆಚ್ಚಿನ ಬೆಲೆ ಬೇರೆ ಯಾರಿಗೂ ಬರಲಿಲ್ಲ. ಅವರನ್ನೇ ನಾಯಕಿ ಮಾಡಿದರು. ಮಾರ್ಚ್ 4ಕ್ಕೆ ಪಂದ್ಯಾವಳಿ ಶುರು. ಎಣಿಸಿ ನೋಡಿ, 19 ದಿನ. ನಮ್ಮ ಹಳ್ಳಿಯ ಕಡೆ ಒಂದು ಮದುವೆಗೂ ಇದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುತ್ತಾರೆ.

ಮಾರ್ಚ್ 5ರಂದು ಮೊದಲ ಪಂದ್ಯದಲ್ಲಿ ಡೆಲ್ಲಿ ತಂಡ ಎರಡೇ ವಿಕೆಟ್ಟಿಗೆ 223 ರನ್ ಹೊಡೆಯಿತು. ನಮ್ಮವರು 60 ರನ್ನಿನಿಂದ ಸೋತರು. ಮಾರನೆಯ ದಿನವೇ ಮುಂಬಯಿಗೆ ಒಂಬತ್ತು ವಿಕೆಟ್ಟಿನಿಂದ ಶರಣಾದರು. ಮೂರನೆಯದು ಮಹಿಳಾ ದಿನದ್ದು. ನಾಲ್ಕನೆಯದರಲ್ಲಿ ಯುಪಿ ತಂಡ ಒಂದೂ ವಿಕೆಟ್ ಕಳೆದುಕೊಳ್ಳದೆ ಗೆದ್ದಿತು. ಐದನೆಯದು ಮತ್ತೆ ಡೆಲ್ಲಿಯ ಎದುರು, ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ, ಮತ್ತೆ ಸೋಲು. ಕೊನೆಗೆ ಎಂಟು ಪಂದ್ಯಗಳಲ್ಲಿ ಎರಡು ಗೆಲುವು, ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ.

ಹೆಣ್ಣುಮಕ್ಕಳ ತಂಡವೆಂದು ನಾನು ಇದನ್ನು ತೇಲಿಸಿ ಮಾತನಾಡುವುದಿಲ್ಲ. ಕನಿಕರದಿಂದ ಕೊಟ್ಟ ಅಂಕ ಮಗುವಿಗೂ ಗೊತ್ತಾಗುತ್ತದೆ. ಆಟ ಚೆನ್ನಾಗಿರಲಿಲ್ಲ. ಹೆಸರಾಂತ ಬ್ಯಾಟುಗಾರ್ತಿಯರಿಗೆ ಹಣ ಸುರಿದು, ಎಸೆತದ ಕಡೆ ತಂಡ ಬಡವಾಗಿತ್ತು. 223, ಆಮೇಲೆ 201, ಆಮೇಲೆ ವಿಕೆಟ್ಟೇ ಬೀಳದ ಒಂದು ಸೋಲು. ಇವು ದುರದೃಷ್ಟದ ಅಂಕಿಗಳಲ್ಲ. ನಾಯಕಿ ಆಫ್ ಸ್ಪಿನ್ ಎಸೆತಗಳಿಗೆ ಮತ್ತೆ ಮತ್ತೆ ಔಟಾದರು. ಇಡೀ ಪಂದ್ಯಾವಳಿಯಲ್ಲಿ ಅವರು ಗಳಿಸಿದ್ದು 149 ರನ್. ಒಂದು ಅರ್ಧ ಶತಕವೂ ಇಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಸೋತ ಮೇಲೆ ಮೈಕಿನ ಮುಂದೆ ನಿಂತು ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು.

ಇಷ್ಟು ಹೇಳಿದರೆ ಅದು ವಿಮರ್ಶೆ. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಬಸ್ಸಿನಲ್ಲಿ ಒಬ್ಬ ಹುಡುಗ ಮೊಬೈಲು ಹಿಡಿದು ಲೆಕ್ಕ ಮಾಡಿ ಹೇಳುತ್ತಿದ್ದ: 3 ಕೋಟಿ 40 ಲಕ್ಷವನ್ನು 149ರಿಂದ ಭಾಗಿಸಿದರೆ ಒಂದು ರನ್ನಿಗೆ ಎರಡು ಲಕ್ಷ ಇಪ್ಪತ್ತೆಂಟು ಸಾವಿರ! ಭಾಗಾಕಾರ ಸರಿಯಾಗಿತ್ತು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಹೆಂಗಸರೂ ನಕ್ಕರು. ವಿಮರ್ಶೆಗೂ ಮೂದಲಿಕೆಗೂ ಇರುವ ವ್ಯತ್ಯಾಸ ನನಗೆ ಅಲ್ಲೇ ಹೊಳೆದದ್ದು. ‘ಎಸೆತ ಬಡವಾಗಿದೆ, ಎಡವಿದ್ದು ಇಲ್ಲಿ’ ಎಂದು ಹೇಳುವವರು ಮುಂದಿನ ವರ್ಷವೂ ಆಟ ಇದೆ ಎಂದು ನಂಬಿರುತ್ತಾರೆ. ‘ಇವರಿಗೆ ಯಾಕೆ ಬೇಕಿತ್ತು’ ಎನ್ನುವವರು ಮುಂದಿನ ವರ್ಷವನ್ನೇ ಕಿತ್ತುಕೊಳ್ಳುತ್ತಾರೆ.

ಗಂಡಸರ ತಂಡ 2017ರಲ್ಲಿ ಕಲ್ಕತ್ತೆಯಲ್ಲಿ 49 ರನ್ನಿಗೆ ಗಂಟುಮೂಟೆ ಕಟ್ಟಿತ್ತು. ಆ ವರ್ಷ ಕಟ್ಟಕಡೆಯ ಸ್ಥಾನ. 2019ರಲ್ಲಿ ಮೊದಲ ಆರು ಪಂದ್ಯ ಸತತವಾಗಿ ಸೋತು, ಮತ್ತೆ ಕೊನೆಯ ಸ್ಥಾನ. 2009, 2011, 2016ರಲ್ಲಿ ಅಂತಿಮ ಪಂದ್ಯದಲ್ಲಿ ಸೋಲು. ಜನ ಬೈದರು, ನಕ್ಕರು, ಅತ್ತರು, ಆದರೆ ಬಿಡಲಿಲ್ಲ. 18ನೆಯ ವರ್ಷ, 2025ರ ಜೂನ್ 3ರಂದು, ಕಪ್ಪು ಬಂತು. ಮಾರನೆಯ ದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು. ಆ ದುಃಖವನ್ನು ಬಿಟ್ಟು ಆ ಗೆಲುವಿನ ಮಾತನ್ನು ಆಡಲು ನನ್ನಿಂದ ಆಗುವುದಿಲ್ಲ. ನಾನು ಹೇಳಹೊರಟಿದ್ದು ಅದಕ್ಕೂ ಹಿಂದಿನ 17 ವರ್ಷಗಳ ಬಗ್ಗೆ. ಗಂಡುಮಕ್ಕಳ ಸೋಲನ್ನು ನಾವು ಅಷ್ಟು ದೀರ್ಘವಾಗಿ ಪ್ರೀತಿಸಬಲ್ಲೆವು. ಹೆಣ್ಣುಮಕ್ಕಳು ಸೋತರೆ ಐದನೆಯ ದಿನಕ್ಕೆ ತೀರ್ಪು ಬರೆದುಬಿಡುತ್ತೇವೆ. ಆ ತೀರ್ಪೂ ಆ 11 ಜನರ ಮೇಲಲ್ಲ, ಇಡೀ ಹೆಣ್ಣುಕುಲದ ಮೇಲೆ.

ಶಾಲೆಯಲ್ಲಿ ಇದನ್ನು ಪ್ರತಿವರ್ಷ ನೋಡುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಗಣಿತದಲ್ಲಿ ಉರುಳಿದ ಹುಡುಗನಿಗೆ ತುಮಕೂರಿನಲ್ಲಿ ಟ್ಯೂಷನ್ ಹುಡುಕುತ್ತಾರೆ. “ಮನಸ್ಸಿಟ್ಟು ಓದಲಿಲ್ಲ ಮೇಡಂ, ಬುದ್ಧಿ ಇದೆ” ಎನ್ನುತ್ತಾರೆ. ಅದೇ ಗಣಿತದಲ್ಲಿ ಹುಡುಗಿ ಉರುಳಿದರೆ, “ಅವಳ ತಲೆಗೆ ಹತ್ತಲ್ಲ ಬಿಡಿ” ಎಂದು ಹದಿನೆಂಟಾಗುವುದನ್ನು ಕಾಯುತ್ತಾರೆ. 2024ರಲ್ಲಿ ಸರ್ಕಾರ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು. ಸರ್ಕಾರ ಕೊಟ್ಟ ಎರಡನೆಯ ಅವಕಾಶವನ್ನು ಎಷ್ಟು ಮನೆಗಳು ಮಗಳಿಗೆ ಕೊಡುತ್ತವೆ?

ಇಷ್ಟೆಲ್ಲ ಬರೆಯುವ ನಾನು ಏನು ಮಾಡಿದ್ದೆ ಎಂಬುದನ್ನೂ ಹೇಳಬೇಕು. ಹೊಳವನಹಳ್ಳಿ ಹೋಬಳಿಯ ಕಡೆಯ ಒಂದು ಶಾಲೆಯಲ್ಲಿದ್ದಾಗ ನಮ್ಮ ಹುಡುಗಿಯರ ಖೋ ಖೋ ತಂಡ ಹೋಬಳಿ ಮಟ್ಟದಲ್ಲಿ ಗೆದ್ದು, ತಾಲ್ಲೂಕು ಕ್ರೀಡಾಕೂಟಕ್ಕೆ ಕೊರಟಗೆರೆಗೆ ಹೋಯಿತು. ಜೊತೆಗೆ ಶಿಕ್ಷಕಿಯಾಗಿ ನಾನು ಹೋಗಿದ್ದೆ. ಮೊದಲ ಪಂದ್ಯದಲ್ಲೇ ಹೀನಾಯವಾಗಿ ಸೋತರು. ಹಿಂದಕ್ಕೆ ಬರುವಾಗ ಟೆಂಪೋದಲ್ಲಿ ಒಬ್ಬರೂ ಮಾತಾಡಲಿಲ್ಲ. ಮುಂದಿನ ವರ್ಷ ತಂಡದ ಪಟ್ಟಿ ಮಾಡುವಾಗ, ಹುಡುಗಿಯರನ್ನು ಕರೆದುಕೊಂಡು ಹೋಗುವುದು ಜವಾಬ್ದಾರಿ, ಹೇಗೂ ಸೋಲುತ್ತಾರೆ, ಪಾಠವೂ ಹಾಳು ಎಂಬ ಮಾತು ಬಂತು. ನಾನೂ ಹೂಂ ಎಂದೆ. ಗಂಡುಮಕ್ಕಳ ವಾಲಿಬಾಲ್ ತಂಡ ಅದಕ್ಕೂ ಹಿಂದೆ ಮೂರು ವರ್ಷ ಸತತವಾಗಿ ಸೋತು ಬಂದಿತ್ತು. ನಾಲ್ಕನೆಯ ಸಲವೂ ಹೋಯಿತು. ನನಗೆ ಆಗ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಒಬ್ಬಳು ಹೆಣ್ಣಾಗಿ, ಬಿ.ಎ. ಬಿ.ಎಡ್. ಓದಿ, ಪಾಠ ಹೇಳುವ ನನಗೆ ಕಾಣಲಿಲ್ಲ.

ಆರ್‌ಸಿಬಿ ಹೆಣ್ಣುಮಕ್ಕಳ ಮುಂದಿನ ಪಂದ್ಯಕ್ಕೆ ಬರುತ್ತೇನೆ. ಐದು ಸೋಲಿನ ಮೇಲೆ ವಿರಾಟ್ ಕೊಹ್ಲಿ ಹೋಗಿ ಅವರ ಹತ್ತಿರ ಕೂತು ಮಾತನಾಡಿದರು. ತಾನು 15 ವರ್ಷದಿಂದ ಆಡುತ್ತಿದ್ದರೂ ಕಪ್ಪು ಗೆದ್ದಿಲ್ಲ, ಆದರೂ ಪ್ರತಿವರ್ಷ ಅದೇ ಉತ್ಸಾಹದಿಂದ ಬರುತ್ತೇನೆ ಎಂಬುದು ಅವರ ಮಾತಿನ ಸಾರ. ಮಾರ್ಚ್ 15ರಂದು ಯುಪಿ ಎದುರು 136 ರನ್ ಬೇಕಿತ್ತು. ನಾಯಕಿ ಸೊನ್ನೆಗೆ ಔಟ್. ನಾಲ್ಕು ವಿಕೆಟ್ ಬೇಗ ಬಿದ್ದವು. ಆಗ ಕನಿಕಾ ಅಹುಜಾ ಎಂಬ ಹೆಚ್ಚು ಹೆಸರಿಲ್ಲದ ಹುಡುಗಿ 30 ಎಸೆತಕ್ಕೆ 46 ಹೊಡೆದು ಗೆಲುವಿನ ಹತ್ತಿರ ತಂದಳು. ಕೋಟಿಯ ಲೆಕ್ಕ ಹಾಕಿದವರು ಈ ಲೆಕ್ಕ ಹಾಕಿದರೋ ಇಲ್ಲವೋ.

ಆ ಸೋಲಿನ ವರ್ಷದ ಮೇಲೆ ತಂಡದವರು ಮಾಡಿದ್ದನ್ನು ನಾನು ಮೆಚ್ಚುತ್ತೇನೆ. ತರಬೇತುದಾರರು ಬದಲಾದರು, ಆದರೆ ನಾಯಕಿಯನ್ನು ಬದಲಿಸಲಿಲ್ಲ. ನಮ್ಮ ಕನ್ನಡತಿ ಶ್ರೇಯಾಂಕಾ ಪಾಟೀಲ್, ಕೇರಳದ ಆಶಾ ಶೋಭನಾ ಇಬ್ಬರನ್ನೂ ಉಳಿಸಿಕೊಂಡರು. 2024ರ ಫೆಬ್ರವರಿ 24ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಶಾ ಐದು ವಿಕೆಟ್ ಕಿತ್ತು, ತಂಡ ಎರಡು ರನ್ನಿನಿಂದ ಗೆದ್ದಿತು. ಆಗ ಅವರಿಗೆ 32 ತುಂಬಿ 33 ನಡೆಯುತ್ತಿತ್ತು. ಭಾರತದ ತಂಡಕ್ಕೆ ಆಡಿದ್ದು ಅದಾದ ಮೇಲೆ, 33ರಲ್ಲಿ. ಈ ವಯಸ್ಸಿಗೆ ನಮ್ಮಲ್ಲಿ ಹೆಣ್ಣಿನ ಎಲ್ಲ ಆಟವೂ ಮುಗಿಯಿತು ಎನ್ನುತ್ತಾರೆ. ಮಾರ್ಚ್ 10ರಂದು ಡೆಲ್ಲಿ ಎದುರು ಕೊನೆಯ ಎಸೆತಕ್ಕೆ ಎರಡು ರನ್ ಬೇಕಿದ್ದಾಗ ರಿಚಾ ಘೋಷ್ ರನೌಟಾಗಿ, ಒಂದು ರನ್ನಿನ ಸೋಲು. ಆ ಹುಡುಗಿ ಮೈದಾನದಲ್ಲೇ ಕುಸಿದದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಒಂದು ವಾರದ ಮೇಲೆ, ಮಾರ್ಚ್ 17ರಂದು, ಅದೇ ಡೆಲ್ಲಿಯ ಎದುರು ಅಂತಿಮ ಪಂದ್ಯ. ಶ್ರೇಯಾಂಕಾ 12 ರನ್ ಕೊಟ್ಟು ನಾಲ್ಕು ವಿಕೆಟ್ ಪಡೆದಳು. ಗೆಲುವಿನ ಬೌಂಡರಿ ಹೊಡೆದವಳು ರಿಚಾ. ಗಂಡಸರಿಗಿಂತ ಮೊದಲು ಕಪ್ಪು ತಂದವರು ಹೆಣ್ಣುಮಕ್ಕಳೇ.

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಓದಲು ಚೆನ್ನಾಗಿರುತ್ತದೆ. ಆದರೆ 2025ರಲ್ಲಿ ಇದೇ ತಂಡ ಬೆಂಗಳೂರಿನಲ್ಲಿ ಆಡಿದ ನಾಲ್ಕು ಪಂದ್ಯಗಳನ್ನೂ ಸೋತು, ಮತ್ತೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಅದೇ ವರ್ಷದ ವಿಶ್ವಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡುಗಳಿಗೆ ಸಾಲಾಗಿ ಸೋತಾಗ ಹಳೆಯ ಪ್ರಶ್ನೆ ಮತ್ತೆ ಕೇಳಿಬಂತು. ನವೆಂಬರ್ 2ರಂದು ಅವರೇ ಕಪ್ಪು ಎತ್ತಿದರು. 2023ರಲ್ಲಿ ಬೆಂಗಳೂರು ಐದನೆಯ ಸೋಲು ಕಂಡ ಅದೇ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ. ಸ್ಮೃತಿ, ರಿಚಾ ಇಬ್ಬರೂ ಅಲ್ಲಿದ್ದರು. ನನ್ನ ವಾದ ಸೋತವರು ಗೆದ್ದೇ ಗೆಲ್ಲುತ್ತಾರೆ ಎಂದಲ್ಲ. ಗೆಲ್ಲದೆಯೂ ಹೋಗಬಹುದು. ಮುಂದಿನ ವರ್ಷ ಆಡಲು ಬಿಡಬೇಕು, ಅಷ್ಟೆ.

ಇದಕ್ಕೂ ಒಂದು ಹಿನ್ನೆಲೆ ಇದೆ. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ನಮ್ಮ ಶಾಂತಾ ರಂಗಸ್ವಾಮಿ. ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಕೂತು ಊರೂರಿಗೆ ಹೋಗಿ ಆಡಿದವರು. ಅವರು ಸೋತಾಗ ಮೂದಲಿಸಲು ಟಿ.ವಿ. ಇರಲಿಲ್ಲ, ಮೆಚ್ಚಲೂ ಇರಲಿಲ್ಲ. ಆದರೂ ಮತ್ತೆ ಮತ್ತೆ ರೈಲು ಹತ್ತಿದರು.

ಈಚೆಗೆ ಹೊಳವನಹಳ್ಳಿ ಬಸ್ ನಿಲ್ದಾಣದಲ್ಲಿ ಒಬ್ಬಳು ಕಾಲಿಗೆ ಬಿದ್ದಳು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಆ ಖೋ ಖೋ ತಂಡದ ನಾಯಕಿ. ಪಕ್ಕದಲ್ಲಿ ಏಳನೇ ತರಗತಿಯ ಮಗಳು. ಮನೆ, ಗಂಡ, ಕಡಲೆಕಾಯಿ ಬೆಳೆ ಎಲ್ಲ ಮಾತಾದ ಮೇಲೆ, ನಗುತ್ತಲೇ ಕೇಳಿದಳು: “ಮೇಡಂ, ಆ ಮುಂದಿನ ವರ್ಷ ನಾವು ದಿನಾ ಸಂಜೆ ಪ್ರಾಕ್ಟೀಸ್ ಮಾಡಿದ್ವಿ. ಯಾಕೆ ನಮ್ಮನ್ನ ಕರ್ಕೊಂಡು ಹೋಗ್ಲಿಲ್ಲ?”

ಅವರು ಅಭ್ಯಾಸ ಮಾಡಿದ್ದೇ ನನಗೆ ಗೊತ್ತಿರಲಿಲ್ಲ. ತಪ್ಪಾಯಿತಮ್ಮ ಎಂದೆ. ಅವಳು “ಅಯ್ಯೋ ಬಿಡಿ ಮೇಡಂ” ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಹತ್ತುವ ಮೊದಲು ಆ ಮಗುವನ್ನು, ನೀನೇನು ಆಡುತ್ತೀಯಮ್ಮ ಎಂದು ಕೇಳಿದೆ. “ಖೋ ಖೋ ಮಿಸ್. ಹೋದ ವರ್ಷ ಸೋತ್ವಿ,” ಎಂದಳು. “ಈ ವರ್ಷ?” ಎಂದೆ. “ಹೋಗ್ತೀವಲ್ಲ,” ಎಂದಳು, ಇದೇನು ಪ್ರಶ್ನೆ ಎನ್ನುವ ಹಾಗೆ.