ಎಸೆಯುವ ಹನಿಯೊಳಗಿನ ಸುದ್ದಿ

ಐವಿಎಫ್ ಪ್ರಯೋಗಾಲಯದ ತಟ್ಟೆಯಲ್ಲಿ ಭ್ರೂಣ ಬೆಳೆಯುವುದು ಎಣ್ಣೆಯ ಪದರದಡಿ ಕೂತ ಒಂದು ಹನಿ ಪೋಷಕ ದ್ರವದೊಳಗೆ. ಭ್ರೂಣವನ್ನು ಎತ್ತಿ ಗರ್ಭಕೋಶಕ್ಕೆ ಸೇರಿಸಿದರೆ ಹನಿಯ ಕೆಲಸ ಮುಗಿಯಿತು, ಅದು ಕಸಕ್ಕೆ. ಬ್ರಿಟನ್ನಿನ ಯಾನ್ ಬ್ರೋಸೆನ್ಸ್, ನಿಕ್ ಮ್ಯಾಕ್ಲನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆ ಹನಿಯೇ ಬಂಡವಾಳ. ಪ್ರಯೋಗಗಳ ರುಚಿ ಹತ್ತಿದವರಿಗೆ ದುಬಾರಿ ಯಂತ್ರಗಳಿಗಿಂತ ಇಂಥ ಉಪಾಯವೇ ಹೆಚ್ಚು ಖುಷಿ ಕೊಡುತ್ತದೆ.

ಹನಿಗಳಲ್ಲಿ ಎರಡು ಬಗೆ. ಮುಂದೆ ಬಸಿರಾಗಿ ನಿಂತ ಭ್ರೂಣಗಳು ಈಜಾಡಿದ್ದು ಒಂದು; ಬೆಳವಣಿಗೆ ಕುಂಠಿತವಾಗಿ ಬದಿಗಿಟ್ಟ ಭ್ರೂಣಗಳದ್ದು ಇನ್ನೊಂದು. ಗರ್ಭಕೋಶದ ಒಳಪದರದ ಜೀವಕೋಶಗಳಿಗೆ ಎರಡನ್ನೂ ಬೇರೆ ಬೇರೆಯಾಗಿ ಉಣಿಸಿದರು. ಒಳ್ಳೆಯ ಹನಿ ತಾಗಿದಾಗ ಹೊರಮೈ ಕೋಶಗಳಲ್ಲಿ ಕ್ಯಾಲ್ಸಿಯಂ ಸ್ವಲ್ಪ ಹೊತ್ತು ಏರಿಳಿದು ತಣ್ಣಗಾಯಿತು. ಕೆಟ್ಟ ಹನಿಗೆ ಅದೇ ಕ್ಯಾಲ್ಸಿಯಂ ಜೋರಾಗಿ ಏರಿ, ಬಹಳ ಹೊತ್ತು ಇಳಿಯಲಿಲ್ಲ.

ಕ್ಯಾಲ್ಸಿಯಂ ಅನ್ನು ಹೀಗೆ ಕೆಣಕಿದ್ದರಲ್ಲಿ ಟ್ರಿಪ್ಸಿನ್ನಿನ ಕೈವಾಡವಿದೆ. ನಮ್ಮ ಮೇದೋಜೀರಕ ಗ್ರಂಥಿ ಬೇಳೆ, ಮೊಟ್ಟೆಯ ಪ್ರೋಟೀನು ಕರಗಿಸಲು ಸುರಿಸುವ ಕಿಣ್ವವೇ ಅದು. ಹೊಟ್ಟೆಯಾಗಲಿ ಕರುಳಾಗಲಿ ಇನ್ನೂ ಮೂಡಿರದ, ನೂರಿನ್ನೂರು ಜೀವಕೋಶಗಳ ಮುದ್ದೆಯೊಂದು ಅಂಟಿಕೊಳ್ಳುವ ಮೊದಲೇ ಅದೇ ಕಿಣ್ವವನ್ನು ಸ್ರವಿಸಿ ತಾನು ಬಂದದ್ದನ್ನು ಸಾರುತ್ತದೆ!

ಜೀನುಗಳ ಮಟ್ಟದಲ್ಲಿ ವ್ಯತ್ಯಾಸ ಮತ್ತಷ್ಟು ನಿಚ್ಚಳ. ಸತ್ವವುಳ್ಳ ಭ್ರೂಣದ ಹನಿ ಅಂಟಿಕೆಗೂ ಚಯಾಪಚಯಕ್ಕೂ ಬೇಕಾದ ಜೀನುಗಳನ್ನು ಎಬ್ಬಿಸಿತು. ಕುಂಠಿತ ಭ್ರೂಣದ ಹನಿ, ಪ್ರೋಟೀನುಗಳನ್ನು ಸರಿಯಾಗಿ ಮಡಚಲಾರದಷ್ಟು ಒತ್ತಡಕ್ಕೆ ಒಳಪದರದ ಆಳದ ಕೋಶಗಳನ್ನು ನೂಕಿತು. ಗರ್ಭಕೋಶವೆಂದರೆ ಬಿದ್ದ ಬೀಜವನ್ನೆಲ್ಲ ಸುಮ್ಮನೆ ಹೊರುವ ಹೊಲ ಎನ್ನುವ ಹಳೆಯ ಗ್ರಹಿಕೆ ಇಲ್ಲಿ ನಿಲ್ಲುವುದಿಲ್ಲ. ಅದು ಪರೀಕ್ಷಿಸುತ್ತದೆ, ಬೇಡವೆಂದರೆ ಬಾಗಿಲು ಹಾಕುತ್ತದೆ.

ಬಾಗಿಲು ಹಾಕಲು ಮರೆತರೆ? 2012ರ ಡಚ್ ಪ್ರಯೋಗ ಇದಕ್ಕಿಂತಲೂ ಸರಳ. ತಟ್ಟೆಯಲ್ಲಿ ಹರಡಿದ್ದ ಒಳಪದರದ ಕೋಶಗಳ ನಡುವೆ ಒಂದು ಗೀರು ಎಳೆದು, ಖಾಲಿಯಾದ ಜಾಗದಲ್ಲಿ ಭ್ರೂಣವನ್ನು ಇಟ್ಟರು. ಸಹಜ ಫಲವತ್ತತೆಯ ಮಹಿಳೆಯರ ಕೋಶಗಳು ಕಳಪೆ ಭ್ರೂಣದತ್ತ ಸರಿಯಲು ಹಿಂಜರಿದವು. ಮತ್ತೆ ಮತ್ತೆ ಗರ್ಭಪಾತವಾದವರ ಕೋಶಗಳು ಮಾತ್ರ ಒಳ್ಳೆಯದು ಕೆಟ್ಟದ್ದೆನ್ನದೆ ಎರಡರ ಕಡೆಗೂ ಸರಿದವು. ‘ಗರ್ಭಕೋಶ ಸೋತಿದೆ’ ಎಂದು ಅತ್ತೆ ಮನೆಯಲ್ಲಿ ಮಾತು ಕೇಳಿಸಿಕೊಂಡವರ ವಿಷಯದಲ್ಲಿ, ಅದು ಅತಿಯಾಗಿ ಒಪ್ಪಿಕೊಳ್ಳುತ್ತಿರಬಹುದು ಎಂಬ ಅನುಮಾನ ಹುಟ್ಟಿದ್ದು ಹೀಗೆ.

ತಟ್ಟೆಯ ಕೋಶಗಳೇ ಗರ್ಭಕೋಶವಲ್ಲ ಎಂಬ ತಕರಾರು ನ್ಯಾಯವಾದದ್ದು. ಆದರೆ ಮನುಷ್ಯರಲ್ಲೇ ನಡೆದ ಒಂದು ಲೆಕ್ಕಾಚಾರವನ್ನು ಜೊತೆಗಿಟ್ಟು ಓದಬೇಕು. ಅಮೆರಿಕದ ಅಲೆನ್ ವಿಲ್ಕಾಕ್ಸ್ ತಂಡ ಮಹಿಳೆಯರಿಂದ ದಿನವೂ ಮೂತ್ರ ಸಂಗ್ರಹಿಸಿ, ಭ್ರೂಣ ಅಂಟಿದ ಕೂಡಲೇ ಕಾಣಿಸಿಕೊಳ್ಳುವ ಎಚ್‌ಸಿಜಿ ಹಾರ್ಮೋನನ್ನು ಹುಡುಕಿತು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅಂಡೋತ್ಪತ್ತಿಯ ಒಂಬತ್ತನೇ ದಿನದೊಳಗೆ ಅಂಟಿದ ಭ್ರೂಣಗಳಲ್ಲಿ ಶೇ. 13ರಷ್ಟು ಬೇಗನೆ ನಷ್ಟವಾದವು. ಹನ್ನೊಂದನೇ ದಿನ ದಾಟಿ ಅಂಟಿದವುಗಳಲ್ಲಿ ಶೇ. 82. ತಡವಾಗಿ ಬಂದ ಭ್ರೂಣವೇ ದುರ್ಬಲವಾಗಿತ್ತೋ, ಅಷ್ಟು ಹೊತ್ತಿನವರೆಗೂ ಬಾಗಿಲು ತೆರೆದಿಟ್ಟ ಒಳಪದರದ ದೋಷವೋ ಎಂಬುದನ್ನು ಮೂತ್ರದ ಪರೀಕ್ಷೆ ಹೇಳಲಾರದು. ಎಸೆದ ಹನಿಗಳ ಮೇಲಿನ ಕೆಲಸ ಆ ಎರಡನ್ನು ಬಿಡಿಸಿ ನೋಡುವ ದಾರಿ ತೆರೆಯಿತು.